ಎಡೆಯ ಮೇಲೆ ಒಂದು ಮೊಬೈಲು

ಹೋದ ಭಾನುವಾರ ನಮ್ಮಪ್ಪನ ವರ್ಷದ ಎಡೆ. ಸ್ವೀಡನ್ನಿನ ಮಾಲ್ಮೋದ ನಮ್ಮ ಅಡುಗೆಮನೆಯಲ್ಲಿ ಅಪ್ಪನ ಫೋಟೋ ಮುಂದೆ ಹೋಳಿಗೆ, ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಪಕ್ಕದಲ್ಲಿ ನನ್ನ ಮೊಬೈಲು.

ಮೊಬೈಲಿನಲ್ಲಿ ನಮ್ಮ ಚಿಕ್ಕಪ್ಪನ ಮಗ ಬಸು. ಅವನಿರುವುದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಜೇಬಿನಲ್ಲಿ ಗಾಂಜಾ ಇಟ್ಟುಕೊಂಡು ಕೂರಲು ಜಾಗ ಹುಡುಕುತ್ತಿದ್ದ.

ಗಾಬರಿಯಾಗಬೇಡಿ. ಎಲ್ಲ ಕಾನೂನಿನ ಪ್ರಕಾರವೇ.

ಅಪ್ಪ ಯಾದಗಿರಿ ಕಡೆಯವರು. ಅಮಾವಾಸ್ಯೆ ಬಂದರೆ ಮಠದಲ್ಲಿ ತತ್ವಪದ ಹಾಡುತ್ತಿದ್ದರು. ಭಜನೆ ಮುಗಿದ ಮೇಲೆ ಮಠದ ಹಿಂದಿನ ಬೇವಿನ ಮರದ ಕೆಳಗೆ ಕೂತು ಗಾಂಜಾ ಚಿಲುಮೆ. (ಅದಕ್ಕೆ ಅಲ್ಲಿಯ ಕಾನೂನು ಒಪ್ಪುವುದಿಲ್ಲ. ಬೇವಿನ ಮರದ ಕೆಳಗೆ ಯಾರೂ ಕಾನೂನು ಓದುತ್ತಿರಲಿಲ್ಲ.) ಅದಕ್ಕಾಗಿ ಅವ್ವ ನಲವತ್ತು ವರ್ಷ ಅವರ ಜೊತೆ ಜಗಳವಾಡಿದಳು. ಅಮಾವಾಸ್ಯೆಯ ಮರುದಿನ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಅಪ್ಪ ಒಮ್ಮೆ ಬೇಸಿಗೆಯಲ್ಲಿ ಇಲ್ಲಿಗೆ ಬಂದಿದ್ದರು. ಒಂದು ಸಂಜೆ ಮೆಲ್ಲಗೆ ಕೇಳಿದರು, "ಇಲ್ಲಿ ಅದು ಸಿಗತದೇನವ್ವಾ?"

ನಾನು ಡಾಗಿಸ್‌ನಲ್ಲಿ, ಅಂದರೆ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕಡೆ, ಕೆಲಸ ಮಾಡುವವಳು. ಕೇಳಿದ್ದೇ ಹೆದರಿದೆ. ಸ್ವೀಡನ್‌ನಲ್ಲಿ ಇಟ್ಟುಕೊಳ್ಳುವುದಷ್ಟೇ ಅಲ್ಲ, ಸೇದುವುದೂ ಅಪರಾಧ, ಸಂಶಯ ಬಂದರೆ ಪೊಲೀಸರು ಮೂತ್ರ ಪರೀಕ್ಷೆ ಮಾಡಿಸುತ್ತಾರೆ ಎಂದು ದೊಡ್ಡ ಭಾಷಣ ಮಾಡಿದೆ.

ಅಪ್ಪ ನಕ್ಕರು. "ಹಂಗಿದ್ರ ನಾ ವಿಮಾನ ಇಳದಾಗಲೇ ಸಿಕ್ಕಿಬಿದ್ದೆ. ಮೈತುಂಬ ಅದೇ ಐತಿ."

ನಾನು ನಗಲಿಲ್ಲ. ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದೆ. ಅವರು ಊರಿಗೆ ಹೋದರು. ಮತ್ತೆ ಬರಲಿಲ್ಲ.

ಈಗ ಅವ್ವ ನನ್ನ ಜೊತೆಗಿದ್ದಾಳೆ. ಎಡೆಯಲ್ಲಿ ಸತ್ತವರಿಗೆ ಇಷ್ಟವಾದದ್ದೆಲ್ಲ ಇರಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಎಡೆಗೆ ಕೆಲವು ದಿನ ಮುಂಚೆ ಹೋಳಿಗೆಗೆ ಬೇಳೆ ತೂಗುತ್ತಾ ಅವಳೇ ಶುರು ಮಾಡಿದಳು. "ಅದೂ ಇಡಬೇಕಲ್ಲ?"

"ಯಾವುದು?"

"ಗೊತ್ತಿಲ್ಲದವರಂಗ ಮಾಡಬ್ಯಾಡ. ಇಡಲಿಲ್ಲಂದ್ರ ನಿಮ್ಮಪ್ಪ ಉಣ್ಣಾಂಗಿಲ್ಲ, ಹಂಗೇ ಹೊಳ್ಳಿ ಹೋಗ್ತಾರ."

ಎಲ್ಲಿಂದ ತರುವುದು? ಸೇತುವೆ ದಾಟಿದರೆ ಡೆನ್ಮಾರ್ಕ್. ಅಲ್ಲೂ ಕಾನೂನು ಬಿಡುವುದಿಲ್ಲ. ಜರ್ಮನಿಯಲ್ಲಿ ಹದಿನೆಂಟು ದಾಟಿದವರು ಸೇದಬಹುದು, ಅಲ್ಲೇ ವಾಸಿಸುವವರು ಮನೆಯಲ್ಲಿ ಮೂರು ಗಿಡ ಬೆಳೆಸಬಹುದು. ಬಸು ಬಾಲ್ಕನಿಯಲ್ಲಿ ತುಳಸಿ ಪಕ್ಕ ಒಂದು ಬೆಳೆಸಿದ್ದಾನೆ. ಆದರೆ ಅದನ್ನು ಬೇರೆಯವರಿಗೆ ಕೊಡುವಂತಿಲ್ಲ. (ಸತ್ತವರಿಗೆ? ಕಾನೂನಿನಲ್ಲಿ ಬರೆದಿಲ್ಲ.) ಗಡಿ ದಾಟಿಸುವಂತೆಯೂ ಇಲ್ಲ. ಹಾಗಾಗಿ ಬಸು ಅಲ್ಲೇ ಸೇದುವುದು, ಅಪ್ಪ ಇಲ್ಲಿ ವಿಡಿಯೋದಲ್ಲಿ ನೋಡುವುದು ಎಂದು ತೀರ್ಮಾನವಾಯಿತು.

ಬಸುವಿನ ಮನೆಯಲ್ಲಿ ಕೂಸಿದೆ. ಮಕ್ಕಳ ಮುಂದೆ ಸೇದುವಂತಿಲ್ಲ. ಪಾಪ, ಹೊರಗೆ ಹೊರಟ.

ನಾವು ಎಡೆ ಇಟ್ಟು, ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಹೊರಗೆ ಕೂತೆವು. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು. ಫೋನು ಒಳಗೇ ಇತ್ತು. ಕತ್ತಲ ಕೋಣೆಯೊಳಗಿಂದ ಗಂಡಸಿನ ದನಿ ಬಂತು.

"ದೊಡ್ಡವ್ವ, ಇಲ್ಲಿ ಸಾಲಿ ಕಾಣ್ತದ. ಆಗಂಗಿಲ್ಲ."

"ಇವತ್ತು ಭಾನುವಾರ ಅಲ್ಲೇನೋ?" ಅವ್ವ ಬಾಗಿಲಿಗೆ ಹೇಳಿದಳು.

"ಭಾನುವಾರಾದ್ರೂ ರೂಲ್ ರೂಲೇ."

ಶಾಲೆ ಕಣ್ಣಿಗೆ ಬೀಳುವಷ್ಟು ಹತ್ತಿರ ಸೇದುವಂತಿಲ್ಲ. ಆಮೇಲೆ ಮಕ್ಕಳ ಆಟದ ಮೈದಾನ. ಅದೂ ಆಗದು. ಆಮೇಲೆ ಜನ ನಡೆದಾಡುವ ಪೇಟೆ ಬೀದಿ. ಅಲ್ಲಿ ರಾತ್ರಿ ಎಂಟರ ನಂತರ ಮಾತ್ರ. ಇಪ್ಪತ್ತು ನಿಮಿಷವಾಯಿತು. ಎಡೆ ಮುಗಿಯದೆ ಯಾರೂ ಉಣ್ಣುವಂತಿಲ್ಲ. ಏಳು ವರ್ಷದ ನನ್ನ ಮಗಳು ಮಾಯಾ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು.

"ಮಮ್ಮಾ, ಒಳಗೆ ಮಾತಾಡ್ತಿರೋದು ಅಜ್ಜನಾ?"

"ಅಲ್ಲ, ಬಸು ಮಾಮ."

"ಅಜ್ಜ ಯಾಕೆ ಸುಮ್ನಿದ್ದಾರೆ?"

ಅಪ್ಪ ಇಲ್ಲಿಗೆ ಬಂದಾಗ ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೆ ನಾನು ಮಗಳ ಹಾಗೆ ಮಾತಾಡದೆ ಪೊಲೀಸರ ಹಾಗೆ ಮಾತಾಡಿದ್ದೆ. ಇಲ್ಲಪ್ಪಾ ಎಂದು ನಕ್ಕುಬಿಟ್ಟಿದ್ದರೂ ಕಾನೂನು ಮುರಿಯುತ್ತಿರಲಿಲ್ಲ ಅಲ್ಲವೇ?

ಕೊನೆಗೆ ಬಸು ಕೂಗಿದ. "ಕಾಲುವೆ ದಂಡಿಗೆ ಒಂದು ಬೆಂಚು ಸಿಕ್ತು. ಸುತ್ತಮುತ್ತ ಸಾಲಿ ಇಲ್ಲ, ಮಕ್ಕಳಿಲ್ಲ, ಯಾರೂ ಇಲ್ಲ. ಹಚ್ಚಲೇನು ದೊಡ್ಡವ್ವ?"

ಅವ್ವ ಸೆರಗು ತಲೆಯ ಮೇಲೆಳೆದುಕೊಂಡಳು. "ಹಚ್ಚಪಾ."

ಕಡ್ಡಿ ಗೀರಿದ ಸದ್ದು. ನಂತರ ಬಸುವಿನ ಕೆಮ್ಮು. ಮಾಯಾ ಕಿಸಕ್ಕೆಂದಳು. ನನಗೂ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆ.

ಅವ್ವ ಮಾತ್ರ ಬಾಗಿಲ ಹತ್ತಿರ ಬಗ್ಗಿ, ಗಟ್ಟಿಯಾಗಿ ಹೇಳಿದಳು. "ಎರಡು ದಮ್ಮು. ಅಷ್ಟೇ."

"ಆತು ದೊಡ್ಡವ್ವ," ಎಂದ ಬಸು.

"ನಿನಗ ಹೇಳಿಲ್ಲ, ನೀ ಸುಮ್ನಿರು."

ಹೊರಗೆ ಓಡಾಡುವಾಗ ಇಪ್ಪತ್ತೈದು ಗ್ರಾಂವರೆಗೆ ಇಟ್ಟುಕೊಳ್ಳಲು ಜರ್ಮನಿ ಒಪ್ಪುತ್ತದೆ. ನಲವತ್ತು ವರ್ಷ ಒಂದು ದಮ್ಮಿಗೂ ಒಪ್ಪದ ಅವ್ವ ಅವತ್ತು ಎರಡಕ್ಕೆ ಒಪ್ಪಿದಳು; ಈಗ ಹೇಳಿ, ದೊಡ್ಡ ಮನಸ್ಸು ಯಾರದು?