ಕನ್ನಡಿ ಮುಂದಿನ ಬಾಟಲಿ

ನಮ್ಮ ಸೋದರಮಾವನಿಗೆ ಬೀದಿಯವರು ಇಟ್ಟ ಹೆಸರು ರೇಡಿಯೋ. ಅವನ ಕ್ಷೌರದಂಗಡಿಯಲ್ಲಿ ಕೂದಲಿಗಿಂತ ಮಾತೇ ಹೆಚ್ಚು ಉದುರುತ್ತದೆ. ಆದರೆ ಬಾಯಿ ಎಷ್ಟೇ ಓಡಲಿ, ಕೈ ತಪ್ಪಿದ್ದಿಲ್ಲ. ಅವನ ಕತ್ತಿ ಒಂದು ಕೆನ್ನೆಯನ್ನೂ ಕೊಯ್ದಿಲ್ಲ ಎಂಬ ಹೆಸರಿತ್ತು.

ಆ ಹೆಸರಿಗೆ ಮಸಿ ಬಳಿದದ್ದು ಸೊಳ್ಳೆ. ಕುತ್ತಿಗೆಯವರೆಗೆ ಬಟ್ಟೆ ಹೊದ್ದು ಕೂತ ಗಿರಾಕಿ ಪಾಪ, ಕೈ ಎತ್ತುವಂತಿಲ್ಲ. ಈ ಪಟ್ಟೆಕಾಲಿನ ಸೊಳ್ಳೆಗಳಿಗೋ ಹಗಲಲ್ಲೇ ಹಸಿವು. ಕುರ್ಚಿಯಡಿ ಕತ್ತಲಲ್ಲಿ ಕಾದಿದ್ದು ಕಾಲಿಗೇ ಬಾಯಿ ಹಾಕುತ್ತವೆ. ಒಂದು ದಿನ ಬಸ್ ಡ್ರೈವರೊಬ್ಬ ಕಾಲು ಝಾಡಿಸಿದ, ಕತ್ತಿ ಜಾರಿತು, ಕೆನ್ನೆಯಲ್ಲಿ ರಕ್ತ. ಮಾವ ಚರಂಡಿಯನ್ನು ಬೈದ, ಪಕ್ಕದ ಟೈರ್ ಅಂಗಡಿಯನ್ನು ಬೈದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಕನ್ನಡಿ ಒರೆಸಲು ಅದರ ಮುಂದಿದ್ದ ಮನಿ ಪ್ಲಾಂಟಿನ ನೀರಿನ ಬಾಟಲಿ ಎತ್ತಿದರೆ, ಬೇರುಗಳ ನಡುವೆ ಸೊಳ್ಳೆ ಮರಿಗಳು ತಲೆಕೆಳಗಾಗಿ ತೂಗಾಡುತ್ತಿದ್ದವು.

ಆ ಗಿಡ ಅತ್ತೆಯದು. ಮಂಡಿನೋವು ಹಿಡಿದ ಮೇಲೆ ಅವಳು ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದಳು. ಗಿಡ ತಂದಿಟ್ಟ ಮೇಲೆ ಅದಕ್ಕೆ ನೀರು ಹಾಕಲೆಂದು ದಿನಾ ಅಂಗಡಿಗೆ ಬಂದು, ಕಾಯುವ ಗಿರಾಕಿಗಳ ಬೆಂಚಿನ ಮೇಲೆ ಒಂದಿಷ್ಟು ಹೊತ್ತು ಕೂರುತ್ತಿದ್ದಳು. ಹಳೇ ನೀರು ಚೆಲ್ಲುವ ಅಭ್ಯಾಸವಿಲ್ಲ, ಅದರ ಮೇಲೇ ಸುರಿಯುವುದು. ಮರಿಗಳ ವಿಷಯ ಅವಳಿಗೆ ಹೇಳಿದರೆ ಗಿಡ ಹೋಗುತ್ತದೆ, ಗಿಡ ಹೋದರೆ ಹೆಂಡತಿ ಮತ್ತೆ ಮನೆಯ ಮೂಲೆ ಸೇರುತ್ತಾಳೆ ಎಂಬ ಭಯ ಮಾವನಿಗೆ. ಊರಿಗೆಲ್ಲ ಮಾತು ಹಂಚುವವನ ಬಾಯಿಗೆ ಬೀಗ ಬಿತ್ತು.

ಅವಳಿಲ್ಲದ ಹೊತ್ತು ನೋಡಿ ನೀರು ಚೆಲ್ಲಿ ಹೊಸದು ತುಂಬಿಸಿದ. ಕೆಲವೇ ದಿನಕ್ಕೆ ಮತ್ತೆ ಮರಿ. ಎರಡನೇ ಸಲ ಚೆಲ್ಲುವಾಗ ಅತ್ತೆ ಬಾಗಿಲಲ್ಲೇ ನಿಂತಿದ್ದಳು.

“ಏನ್ರೀ ಅದು?”

ಮಾವ ಕಳ್ಳನ ಹಾಗೆ ಬಾಟಲಿ ಕೊಟ್ಟ. ಅವಳು ಒಳಗೆ ಬೆರಳಾಡಿಸಿ, ಅಂಟಿಕೊಂಡ ಕಪ್ಪು ಚುಕ್ಕಿಗಳನ್ನು ನೋಡಿದಳು.

“ಬರೀ ನೀರು ಚೆಲ್ಲಿದ್ರೆ ಏನ್ ಬಂತು? ಮೊಟ್ಟೆ ಗಾಜಿಗೇ ಕಚ್ಕೊಂಡಿದೆ. ಮನೇಲಿ ನೀರಿನ ಡ್ರಮ್ಮು ನಾನು ಉಜ್ಜಿ ಉಜ್ಜಿ ತೊಳೆಯೋದು ಮತ್ಯಾಕೆ? ನಂಗೊಂದು ಮಾತು ಹೇಳೋಕೇನಾಗಿತ್ತು?”

“ಗಿಡ ಹೋದ್ರೆ ನೀನು ಬರಲ್ವೇನೋ ಅಂತ...”

ಅತ್ತೆ ಕುಂಟುತ್ತಾ ಹೊರಗೆ ಹೋಗಿ ಬೇಲಿ ಪಕ್ಕದ ಮಣ್ಣಿನಲ್ಲಿ ಗಿಡ ಊರಿದಳು, ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿದಳು. ಮಾವನ ಮುಖ ಸಪ್ಪಗಾಯಿತು. ಅವಳು ತಿರುಗಿ ಬಂದು ಅದೇ ಬೆಂಚಿನ ಮೇಲೆ ಕಾಲು ಚಾಚಿ ಕೂತಳು.

“ಈ ಹಾಳು ಮಂಡಿ ಎಳ್ಕೊಂಡು ದಿನಾ ಗಿಡ ನೋಡೋಕೆ ಬರ್ತಿದ್ದೆ ಅಂದ್ಕೊಂಡ್ರಾ?”