ಹಿಂದಿಡದ ಗೊರಸು

ಗ್ವೆಂಡಾ ಪ್ರಾಸರ್ ನಮ್ಮೂರ ಶಾಲೆಯ ಅಡುಗೆಯವಳು. ನಾನು ಬೆರಿಲ್, ಅವಳ ಕೈಕೆಳಗೆ ಆಲೂಗಡ್ಡೆ ಸುಲಿಯುವವಳು. ಹೆರೆಫರ್ಡ್ ಸೀಮೆಯ ಈ ಮೂಲೆಯಲ್ಲಿ ಯಾರನ್ನು ಕೇಳಿದರೂ ಅವಳ ಬಗ್ಗೆ ಎರಡು ಮಾತು ಹೇಳುತ್ತಾರೆ: ಅವಳ ಸೇಬಿನ ಕಡುಬಿಗೆ ಸಾಟಿಯಿಲ್ಲ, ಅವಳ ಹಗೆಗೆ ಕೊನೆಯಿಲ್ಲ. ಎರಡೂ ನಿಜ. ಹಾಗೆಂದು ಅವಳು ಮೂತಿ ಊದಿಸಿಕೊಂಡು ಕೂರುವ ಜಾತಿಯಲ್ಲ. ಎಲ್ಲರ ಜೊತೆಗೂ ನಗುನಗುತ್ತಲೇ ಇರುತ್ತಾಳೆ. ಒಳಗೆ ಮಾತ್ರ ಬೂದಿ ಮುಚ್ಚಿದ ಕೆಂಡ.

ಗಂಡ ಡೆಸ್ ಹಾಲಿನ ಲಾರಿ ಓಡಿಸುತ್ತಾನೆ, ಕುದುರೆಗಳ ಹತ್ತಿರ ಸುಳಿಯುವುದಿಲ್ಲ. "ಬೆಳಿಗ್ಗೆ ಮೊದಲು ಕುದುರೆಗೆ ತಿಂಡಿ, ಆಮೇಲೆ ನನಗೆ. ಮದುವೆ ಆದಾಗಿಂದ ಸರದಿ ಬದಲಾಗಿಲ್ಲ," ಎಂದು ಪಬ್ಬಿನಲ್ಲಿ ಹೇಳಿಕೊಂಡು ನಗಿಸುತ್ತಾನೆ. ಅದರಲ್ಲೂ ಸುಳ್ಳೇನಿಲ್ಲ. ಮಕ್ಕಳಿಲ್ಲದ ಮನೆ ಅದು. ಅಲ್ಲಿ ಬಾರ್ನಿ ಎಂಬ ಕಂದು ಕುದುರೆ ಮಗನಿಗಿಂತ ಒಂದು ಕೈ ಹೆಚ್ಚಾಗಿಯೇ ಬೆಳೆದಿತ್ತು.

ಪ್ರತಿ ಸೆಪ್ಟೆಂಬರಿನಲ್ಲಿ ನಮ್ಮ ಬ್ರಾಕ್ಸ್‌ಟನ್ ರೈಡಿಂಗ್ ಕ್ಲಬ್ಬಿನ ಸ್ಪರ್ಧೆ ನಡೆಯುತ್ತದೆ. ಸೇರುವವರೆಲ್ಲ ನಮ್ಮಂಥವರೇ: ಆಸ್ಪತ್ರೆಯ ದಾದಿ, ಅಂಚೆಯವನು, ಪಶುವೈದ್ಯನ ಹೆಂಡತಿ. ಒಂದೇ ದಿನದಲ್ಲಿ ಮೂರು ಪರೀಕ್ಷೆ. ಬೆಳಿಗ್ಗೆ ಬಿಳಿ ಹಲಗೆ ಸುತ್ತಿದ ಚೌಕದೊಳಗೆ ನಯವಾದ ನಡಿಗೆ, ಆಮೇಲೆ ಬಣ್ಣದ ಗಳುಗಳ ಮೇಲೆ ನೆಗೆತ, ಕೊನೆಗೆ ಬಯಲೋಟ. ಬಯಲೋಟದಲ್ಲಿ ದಿಮ್ಮಿ, ಬೇಲಿ, ಹಳ್ಳ, ಕೊಳ, ಏನು ಅಡ್ಡ ಬಂದರೂ ದಾಟಿಕೊಂಡೇ ಹೋಗಬೇಕು. ತಪ್ಪಿಗೆಲ್ಲ ದಂಡದ ಅಂಕ. ಸಂಜೆಗೆ ಯಾರ ದಂಡ ಕಡಿಮೆಯೋ ಅವರಿಗೆ ಕೆಂಪು ರಿಬ್ಬನ್. ಒಂದೊಂದು ಅಡ್ಡಿಯ ಬಳಿಯೂ ಊರಿನ ಒಬ್ಬರು ಕಾರು ನಿಲ್ಲಿಸಿಕೊಂಡು, ಸ್ಯಾಂಡ್‌ವಿಚ್ಚು, ಫ್ಲಾಸ್ಕು, ನಾಯಿ ಸಮೇತ ಕೂತು ತೀರ್ಪು ಕೊಡುತ್ತಾರೆ. ಅವರು ಹೇಳಿದ್ದೇ ಕೊನೆ.

ಬಾರ್ನಿ ಜೀವಮಾನದಲ್ಲಿ ಎರಡನೇ ಸ್ಥಾನದ ನೀಲಿ ರಿಬ್ಬನ್ ಕಂಡಿದ್ದ, ಮೂರನೆಯದರ ಹಳದಿ ಕಂಡಿದ್ದ. ಕೆಂಪು ಮಾತ್ರ ದಕ್ಕಿರಲಿಲ್ಲ. ಅವನಿಗೆ ಇಪ್ಪತ್ತು ವರ್ಷವಾದಾಗ, ಇದೇ ಅವನ ಕೊನೆಯ ಸ್ಪರ್ಧೆ ಎಂದು ಗ್ವೆಂಡಾ ಊರಿಗೆಲ್ಲ ಹೇಳಿದಳು. ಆ ದಿನ ಮುದುಕನಿಗೆ ಏನು ಹುರುಪು ಬಂದಿತ್ತೋ, ಮೊದಲೆರಡು ಪರೀಕ್ಷೆಯಲ್ಲೂ ಅವನೇ ಮುಂದೆ. ಬಯಲೋಟದಲ್ಲಿ ಕೊಳದ ಅಂಚಿಗೆ ಬಂದು ನಿಂತ. ಕತ್ತು ಬಗ್ಗಿಸಿ ನೀರನ್ನು ಮೂಸಿದ, ಮರುಕ್ಷಣ ದುಡುಮ್ಮನೆ ಇಳಿದ. ಅಲ್ಲಿ ಚಣಹೊತ್ತು ನಿಂತು ಇಳಿದರೆ ತಪ್ಪಿಲ್ಲ. ಒಂದು ಗೊರಸು ಹಿಂದಿಟ್ಟರೆ ಮಾತ್ರ ಕುದುರೆ ಒಲ್ಲೆನೆಂದಂತೆ. ಅದಕ್ಕೆ ಇಪ್ಪತ್ತು ದಂಡ. ಬಾರ್ನಿ ಗೊರಸು ಹಿಂದಿಡಲಿಲ್ಲ. ನಾನು ಅಲ್ಲೇ ಜನರನ್ನು ತಡೆಯುವ ಹಗ್ಗ ಹಿಡಿದು ನಿಂತಿದ್ದೆ, ಕಣ್ಣಾರೆ ಕಂಡಿದ್ದೇನೆ.

ಕೊಳದ ಬಳಿ ತೀರ್ಪಿಗೆ ಕೂತಿದ್ದವಳು ಫೆನೆಲಾ ಹಾರ್ಕಮ್. ಬಯಲೆಲ್ಲ ಅವಳ ಗಂಡನ ಮನೆಯದು, ಕ್ಲಬ್ಬಿಗೆ ಅವಳೇ ಅಧ್ಯಕ್ಷೆ. ಬಾರ್ನಿ ನಿಂತ ಆ ಹೊತ್ತಿಗೆ ಅವಳ ತಲೆ ಕಾರಿನೊಳಗಿತ್ತು. ಸ್ಯಾಂಡ್‌ವಿಚ್ಚು ಕದ್ದ ನಾಯಿಯನ್ನು ಬೈಯುತ್ತಿದ್ದಳು. ತಲೆಯೆತ್ತುವಷ್ಟರಲ್ಲಿ ಬಾರ್ನಿ ನೀರಿನಲ್ಲಿದ್ದ. ಏನಾಯಿತೆಂದು ಯಾರನ್ನೂ ಕೇಳದೆ ಇಪ್ಪತ್ತು ದಂಡ ಎಳೆದುಬಿಟ್ಟಳು. ಕೆಂಪು ರಿಬ್ಬನ್ ಅಲ್ಲಿಗೇ ಕೈತಪ್ಪಿತು.

ಗ್ವೆಂಡಾ ತಕರಾರು ಮಾಡಿದಳು. ನಾನೂ ಬಾಯಿ ಹಾಕಿದೆ. ಕಾರ್ಯದರ್ಶಿ ಫೆನೆಲಾಳ ಮುಖ ನೋಡಿದ, ನಮ್ಮ ಮುಖ ನೋಡಿದ, ಕೊನೆಗೆ ತನ್ನ ಬೂಟು ನೋಡಿಕೊಂಡ.

"ಮೇಡಂ, ನೀವು ಆಗ ನೋಡ್ತಾನೇ ಇರ್ಲಿಲ್ಲ," ಎಂದಳು ಗ್ವೆಂಡಾ.

"ಡಾರ್ಲಿಂಗ್, ನಿನ್ನ ಕುದುರೆ ನಿನ್ನ ಮಾತು ಕೇಳಲ್ಲ ಅಂದ್ರೆ ಅದಕ್ಕೂ ನಾನೇನಾ ಕಾರಣ?" ಎಂದಳು ಫೆನೆಲಾ. ಸುತ್ತ ಇದ್ದವರು ನಕ್ಕರು. ದೊಡ್ಡ ಮನೆಯವರು ಏನಂದರೂ ನಗುವುದು ನಮ್ಮ ಕಡೆಯವರ ಹಳೇ ರೋಗ.

ಆ ಚಳಿಗಾಲದಲ್ಲಿ ಬಾರ್ನಿ ಹೊಟ್ಟೆಶೂಲೆಯಿಂದ ಸತ್ತ. ಗ್ವೆಂಡಾ ಅಳಲಿಲ್ಲ. ಮಾರನೇ ದಿನ ಅಡುಗೆಮನೆಯಲ್ಲಿ ಕ್ಯಾರೆಟ್ ಕತ್ತರಿಸುತ್ತ, "ಅವಳಿಗೆ ಇದನ್ನ ತಿನ್ನಿಸ್ದೆ ಬಿಡಲ್ಲ ಕಣೇ," ಎಂದಳು. ಕ್ಯಾರೆಟ್ಟಿನ ಮಾತಲ್ಲ ಅದು ಎಂದು ನನಗೆ ಗೊತ್ತಿತ್ತು.

ತಿನ್ನಿಸುವುದು ಹೇಗೆ? ಕುರ್ಚಿಯಲ್ಲಿ ಕೂತವಳನ್ನು ಯಾವ ಕುದುರೆಯ ಮೇಲೆ ಕೂತು ಸೋಲಿಸುವುದು? ಫೆನೆಲಾ ಸ್ಪರ್ಧೆಗಿಳಿಯುವುದನ್ನು ಎಂದೋ ಬಿಟ್ಟಿದ್ದಳು. ಗ್ವೆಂಡಾ ಕಾದಳು. ನೆಟಲ್ ಎಂಬ ಮೊಂಡು ಹೆಣ್ಣುಕುದುರೆಯನ್ನು ತಂದು ಪಳಗಿಸಿದಳು. ಮುಟ್ಟಿದರೆ ತುರಿಸುವ ಗಿಡದ ಹೆಸರು ಅದಕ್ಕೆ, ಗುಣವೂ ಅದರದ್ದೇ. ನನ್ನ ತೋಳಿನ ಮೇಲೆ ಅದರ ಹಲ್ಲಿನ ಗುರುತು ಇನ್ನೂ ಇದೆ. ಹೀಗೆ ಒಂಬತ್ತು ವರ್ಷ ಹೋಯಿತು. ಕಳೆದ ವಸಂತದಲ್ಲಿ ಫೆನೆಲಾಳ ಲಾಯಕ್ಕೆ ಐರ್ಲೆಂಡಿನಿಂದ ಸುಲ್ತಾನ್ ಎಂಬ ಬೂದು ಕುದುರೆ ಬಂತು. ಈ ಸಲ ತಾನೂ ಸವಾರಿ ಮಾಡುತ್ತೇನೆ ಎಂದಳಂತೆ. ಸುದ್ದಿ ಕೇಳಿದ ದಿನ ಗ್ವೆಂಡಾ ಇಡೀ ಶಾಲೆಯ ಕಸ್ಟರ್ಡ್ ಸೀಯಿಸಿದಳು. ಮಕ್ಕಳು ಬಿಸ್ಕತ್ತು ತಿಂದು ಮನೆಗೆ ಹೋದವು.

ಸುಲ್ತಾನನನ್ನು ನೋಡಿದ ಮೇಲೆ ಗ್ವೆಂಡಾಳಿಗೆ ಹೇಳಿದೆ: ಅಂಥ ಕುದುರೆ ತಪ್ಪು ಮಾಡುವುದಿಲ್ಲ.

"ಕುದುರೆ ಮಾಡಲ್ಲ. ಮೇಲೆ ಕೂತೋಳು ಮಾಡ್ತಾಳೆ," ಎಂದಳು ಗ್ವೆಂಡಾ.

ನಮ್ಮ ಮಟ್ಟದ ಬಯಲೋಟದಲ್ಲಿ ಒಂದು ಕಟ್ಟಳೆ ಇದೆ. ಗೊತ್ತುಮಾಡಿದ ಸಮಯಕ್ಕಿಂತ ತಡವಾದರೂ ದಂಡ, ತೀರಾ ಬೇಗ ಬಂದರೂ ದಂಡ. ಹುಚ್ಚು ಓಟ ಓಡಿ ಯಾರೂ ಕತ್ತು ಮುರಿದುಕೊಳ್ಳಬಾರದೆಂದು ಹಾಗೆ. ಗಡಿಯಾರ ಕಟ್ಟಿಕೊಂಡು ಹೋಗುವಂತಿಲ್ಲ. ವೇಗ ಮೈಯಲ್ಲೇ ಇರಬೇಕು. ಗ್ವೆಂಡಾ ಚಾಪೆಲ್ಲಿನ ಪ್ರಾರ್ಥನೆಯ ಹಾಡು ಗುನುಗಿಕೊಂಡು ಓಡಿಸುತ್ತಾಳೆ. ಹಾಡಿನ ಲಯ ತಪ್ಪದಿದ್ದರೆ ಕುದುರೆಯದೂ ತಪ್ಪುವುದಿಲ್ಲ. ಫೆನೆಲಾಳ ವೇಗ ಇದ್ದದ್ದು ಅವಳ ಸಿಟ್ಟಿನಲ್ಲಿ. ಅದು ಊರಿಗೆಲ್ಲ ಗೊತ್ತು.

"ಅವಳು ನನ್ ಕುದುರೆ ಮೇಲೆ ಒಂದು ಸುಳ್ಳು ಹೇಳಿದ್ಳು. ನಾನೂ ಅವಳ ಕುದುರೆ ಮೇಲೆ ಒಂದು ಹೇಳ್ತೀನಿ," ಎಂದಳು ಗ್ವೆಂಡಾ.

ಲಾಳ ಕಟ್ಟುವ ಕ್ಲೈವ್ ವಾರಕ್ಕೊಮ್ಮೆ ಎಲ್ಲ ಲಾಯಗಳನ್ನೂ ಸುತ್ತುವವನು. ನೆಟಲ್‌ನ ಕಾಲನ್ನು ಅವನು ಎತ್ತಿ ಹಿಡಿದಿದ್ದಾಗ ಗ್ವೆಂಡಾ ಅವನಿಗೆ ಟೀ ಕೊಡುತ್ತ, "ಹಾರ್ಕಮ್ ಮೇಡಮ್ಮಿನ ಬೂದು ಕುದುರೆಗೆ ಉಬ್ಬಸ ಅಂತಲ್ಲ, ಪಾಪ. ನಿಜವೇನಪ್ಪಾ?" ಎಂದಳು.

"ನಾನು ಕೇಳಿಲ್ವಲ್ಲ."

"ಹಾಗಾದ್ರೆ ಬಿಡು. ಯಾರಿಗೂ ಹೇಳಕ್ ಹೋಗ್ಬೇಡ."

ಅಷ್ಟು ಸಾಕಿತ್ತು. ವಾರದೊಳಗೆ ಅಂಚೆಯವನು ಅದೇ ಸುದ್ದಿಯನ್ನು ನನಗೇ ತಂದು ಹೇಳಿದ. ಕೊಂಡ ದಿನವೇ ಕುದುರೆ ಏದುಸಿರು ಬಿಡುತ್ತಿತ್ತಂತೆ ಎಂದು ತನ್ನ ಕಡೆಯಿಂದಲೂ ಸ್ವಲ್ಪ ಸೇರಿಸಿದ್ದ. ನಾನು ಅಯ್ಯೋ ಎಂದೆ. ಅಷ್ಟು ಖುಷಿಯಾಗಿ ನಾನು ಎಂದೂ ಅಯ್ಯೋ ಎಂದಿರಲಿಲ್ಲ.

ಸ್ಪರ್ಧೆಯ ದಿನ ನಡಿಗೆಯಲ್ಲಿ, ನೆಗೆತದಲ್ಲಿ ಫೆನೆಲಾ ಮುಂದೆ, ಕೂದಲೆಳೆಯಷ್ಟು ಹಿಂದೆ ಗ್ವೆಂಡಾ. ಬಯಲೋಟಕ್ಕೆ ಕುದುರೆಗಳ ಮೈ ಬಿಸಿ ಮಾಡುತ್ತಿದ್ದ ಜಾಗದಲ್ಲಿ ಪಶುವೈದ್ಯನ ಹೆಂಡತಿ ಕಳಕಳಿಯಿಂದ ಕೇಳಿದಳು, "ಫೆನೆಲಾ, ಸುಲ್ತಾನ್ ಉಸಿರು ಈಗ ಹೇಗಿದೆ? ಓಡಿಸ್ಬಹುದು ಅಂದ್ರಾ ಡಾಕ್ಟ್ರು?"

ಫೆನೆಲಾಳ ಕತ್ತು ಕೆಂಪಗಾಯಿತು. "ಯಾರು ಹೇಳಿದ್ದು ನಿನಗೆ?"

"ಯಾರೋ ಅಂತಿದ್ರಪ್ಪ..."

ಅವಳು ಹಲ್ಲು ಕಚ್ಚಿಕೊಂಡು ಓಟದ ಬಾಗಿಲಿನ ಕಡೆ ಕುದುರೆ ತಿರುಗಿಸಿದಳು. ಅಲ್ಲಿ ನೆಟಲ್ ಮೇಲೆ ಕೂತ ಗ್ವೆಂಡಾ ಕಾಯುತ್ತಿದ್ದಳು. ಮುಖದ ಮೇಲೆ ಚಾಪೆಲ್ಲಿನ ಭಾನುವಾರದ ನಗೆ.

"ಮೇಡಂ, ಆ ಗುಡ್ಡ ಹತ್ತುವಾಗ ನಿಧಾನಕ್ಕೆ ಹೋಗಿ. ಸ್ವಲ್ಪ ದೂರ ನಡೆಸಿದ್ರೂ ಯಾರೂ ಏನೂ ಅಂದ್ಕೊಳ್ಳಲ್ಲ. ಮೂಕ ಪ್ರಾಣಿ, ಪಾಪ."

"ನನ್ನ ಕುದುರೆಗೆ ಏನೂ ಆಗಿಲ್ಲ!" ಎಂದು ಫೆನೆಲಾ ಕಿರುಚಿದ್ದು ಟೀ ಡೇರೆಯವರೆಗೂ ಕೇಳಿಸಿತು.

"ಆಗಿಲ್ಲ, ಆಗಿಲ್ಲ. ಯಾರು ಆಗಿದೆ ಅಂದ್ರು?" ಎಂದೆ ನಾನು. ನನ್ನ ಪಾಲಿಗೆ ಅದೊಂದೇ ಮಾತಿತ್ತು. ಇಡೀ ವಾರ ಅದನ್ನು ಉರುಹೊಡೆದಿದ್ದೆ.

ಆಮೇಲೆ ಫೆನೆಲಾ ಹೋದದ್ದು ಸವಾರಿಯಲ್ಲ, ಬಾಣ. ದಿಮ್ಮಿ ದಾಟಿದಳು, ಬೇಲಿ ದಾಟಿದಳು. ಗುಡ್ಡದ ಮೇಲೆ ಜನ ಹೆಚ್ಚಿದ್ದ ಕಡೆಗಂತೂ ಕುದುರೆಯನ್ನು ಇನ್ನೂ ಬಿಟ್ಟಳು, ಇವನಿಗೇನಾ ಉಬ್ಬಸ ಎನ್ನುವಂತೆ. ಬೇಲಿಗೆ ಒರಗಿದ್ದ ಹಳೇ ಸವಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿಳಿಯದವರು ಚಪ್ಪಾಳೆ ತಟ್ಟಿದರು. ಒಂದೂ ತಪ್ಪಿಲ್ಲದೆ ಗೆರೆ ದಾಟಿ, ಕುದುರೆಯ ಕತ್ತು ತಟ್ಟಿ, ಹೇಗೆ ಎನ್ನುವಂತೆ ಎಲ್ಲರನ್ನೂ ಒಮ್ಮೆ ನೋಡಿದಳು.

ಗ್ವೆಂಡಾ ಹೊರಟದ್ದು ಸಂತೆಗೆ ಹೊರಟವಳ ಹಾಗೆ. ನನ್ನ ಮುಂದೆ ಹಾದುಹೋದಾಗ ಗುನುಗು ಕೇಳುತ್ತಿತ್ತು. ಕೊಳದ ಅಂಚಿನಲ್ಲಿ ನೆಟಲ್ ಕಿವಿ ನಿಮಿರಿಸಿತು. ಅದು ನಿಲ್ಲಲೇ ಇಲ್ಲ, ನೀರು ಚಿಮ್ಮಿಸಿಕೊಂಡು ಆಚೆ ದಡ ಹತ್ತಿತು. ಸೀಮೆಸುಣ್ಣ ಹಿಡಿದ ಹೆಂಗಸು ಹಲಗೆಯ ಮೇಲೆ ಫೆನೆಲಾಳ ಹೆಸರಿನ ಮುಂದೆ ತೀರಾ ಬೇಗ ಬಂದದ್ದರ ದಂಡ ಬರೆದಳು. ಗ್ವೆಂಡಾಳ ಹೆಸರಿನ ಮುಂದೆ ಸೊನ್ನೆ. ನಾನು ಕುಣಿದೆ. ಅರುವತ್ತರ ಹತ್ತಿರದ ಹೆಂಗಸು ಕುಣಿಯಬಾರದೇ? ಕುಣಿದೆ.

ರಿಬ್ಬನ್ ಕೊಟ್ಟಾದ ಮೇಲೆ ಟೀ ಡೇರೆಯಲ್ಲಿ ಫೆನೆಲಾ ತಾನೇ ನಮ್ಮ ಬಳಿ ಬಂದಳು. ಸಿಟ್ಟು ಹೇಗೆ ಏರಿತ್ತೋ ಹಾಗೇ ಇಳಿದಿತ್ತು. ಗ್ವೆಂಡಾಳ ಕೈ ಕುಲುಕಿ, "ಚೆನ್ನಾಗಿ ಓಡಿಸ್ದೆ ಡಾರ್ಲಿಂಗ್. ನನಗೆ ತಲೆ ಕೆಟ್ಟುಹೋಯ್ತು ನೋಡು," ಎಂದು ನಕ್ಕಳು.

ಗ್ವೆಂಡಾ ನಗಲಿಲ್ಲ. ಒಂಬತ್ತು ವರ್ಷ ಈ ಗಳಿಗೆಗಾಗಿ ಕಾದಿದ್ದಳು. ಫೆನೆಲಾ ಇಲ್ಲವೆಂದರೆ ಏನು ಹೇಳಬೇಕು, ತಪ್ಪಾಯಿತು ಎಂದರೆ ಏನು ಹೇಳಬೇಕು, ಎಲ್ಲ ಸಿದ್ಧವಿತ್ತು. ಕೆಂಪು ರಿಬ್ಬನ್ನನ್ನು ಎತ್ತಿ ಹಿಡಿದು, "ಇದು ಬಾರ್ನಿಗೆ," ಎಂದಳು.

"ಬಾರ್ನಿ? ನಿಮ್ಮ ಯಜಮಾನರಾ?"

ನಾನು ಫೆನೆಲಾಳ ಮುಖದಲ್ಲಿ ಕಪಟ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

"ನನ್ನ ಕುದುರೆ," ಎಂದಳು ಗ್ವೆಂಡಾ. "ಕಂದು ಕುದುರೆ. ಕೊಳದ ಹತ್ರ ನೀವು ಇಪ್ಪತ್ತು ದಂಡ ಹಾಕಿದ್ರಿ. ಅವನು ಗೊರಸು ಹಿಂದಿಟ್ಟಿರ್ಲಿಲ್ಲ."

ಫೆನೆಲಾ ಹುಬ್ಬು ಗಂಟಿಕ್ಕಿ ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದಳು. "ಇರ್ಬಹುದು ಡಾರ್ಲಿಂಗ್. ಆ ಕೊಳದ ಹತ್ರ ಎಷ್ಟು ವರ್ಷ ಕೂತಿದೀನೋ, ಎಷ್ಟು ಜನಕ್ಕೆ ದಂಡ ಹಾಕಿದೀನೋ. ತಪ್ಪಾಗಿದ್ರೆ ಸಾರಿ. ಟೀ ತಗೊಂಡ್ಯಾ?"

"ಅವನ ಹೆಸರು ಹೇಳು," ಎಂದಳು ಗ್ವೆಂಡಾ. ಅವಳು ಆ ಮನೆಯವರನ್ನು ಏಕವಚನದಲ್ಲಿ ಕರೆದದ್ದು ಹುಟ್ಟಿದ ಮೇಲೆ ಅದೇ ಮೊದಲು.

"ಏನು?"

"ಹೆಸರು. ಬಾಯಿಬಿಟ್ಟು ಹೇಳು."

"ಬಾರ್ನಿ," ಎಂದಳು ಫೆನೆಲಾ, ಟೀಚರ ಮುಂದೆ ಪಾಠ ಒಪ್ಪಿಸುವ ಹುಡುಗಿಯ ಹಾಗೆ. ಅರ್ಥವಾಗದೆ ನನ್ನ ಕಡೆ ನೋಡಿದಳು. ಗ್ವೆಂಡಾ ತಿರುಗಿ ಹೊರಗೆ ಹೋದಳು.

ಮನೆಗೆ ಬರುವಾಗ ಕುದುರೆ ಸಾಗಿಸುವ ಲಾರಿ ಅವಳೇ ಓಡಿಸಿದಳು. ರಿಬ್ಬನ್ ಗಾಜಿನ ಕೆಳಗೆ ಬಿದ್ದಿತ್ತು. ನನಗೆ ಮಾತ್ರ ಸಿಟ್ಟು ಇಳಿದಿರಲಿಲ್ಲ. ಸಾರಿಯಂತೆ, ಟೀಯಂತೆ!

"ಹಾಳಾಗ್ಲಿ ಬಿಡೇ. ಅವಳು ನೆನಪಿಟ್ಕೊಂಡ್ರೇನು, ಮರೆತ್ರೇನು? ನೀನು ಗೆದ್ದೆಯಲ್ಲ," ಎಂದೆ.

"ಗೆದ್ದೆ. ಯಾರ ಮೇಲೆ?"

ಸೇಬಿನ ತೋಟಗಳನ್ನು ದಾಟಿ, ಚಾಪೆಲ್ಲಿನ ತಿರುವಿಗೆ ಬಂದಾಗ ಅವಳು ಗೇರು ಇಳಿಸಿದಳು.

"ಒಂಬತ್ತು ವರ್ಷ ನಾನೊಬ್ಳೇ ಜಗಳ ಆಡ್ತಿದ್ದೆ ಕಣೇ ಬೆರಿಲ್," ಎಂದಳು. "ಆ ಕಡೆ ಯಾರೂ ಇರ್ಲೇ ಇಲ್ಲ."