ನಳದ ಮುಂದೆ ಕಾದು ಕುಳಿತ ಅವ್ವ

ಕಾಗಿಣಾ ಹೊಳೆಯ ಮರಳಲ್ಲಿ ಒರತೆ ತೋಡಿ ನೀರು ತರುವವಳ ಮಗ ಬಿ.ಎ. ಆಗುವುದು ಆಗದ ಮಾತು ಎಂದವನು ನನ್ನ ಸ್ವಂತ ಸೋದರಮಾವ. ನಾನು ಆದೆ. ತಾಂಡೂರು ಕಡೆಯ ನಮ್ಮ ಮನೆತನದಲ್ಲಿ ನಾನೇ ಮೊದಲಿಗ.

ಪದವಿಯ ಸನದು ಹಿಡಿದು ಹೈದರಾಬಾದಿನ ನನ್ನ ಬಾಡಿಗೆ ಕೋಣೆಗೆ ಬಂದರೆ, ಊರಿಂದ ಬಂದಿದ್ದ ಅವ್ವ ಅಂಗಳದ ನಳ ಬಂದ್ ಮಾಡಿ ಅದರ ಮುಂದೆ ಕುಳಿತಿದ್ದಳು. ಒಂದು ಕೊಡ ತುಂಬಿತ್ತು, ಇನ್ನೊಂದು ಖಾಲಿ.

"ಯಾಕವ್ವಾ, ಹಿಂಗ್ಯಾಕ ಕುಂತಿ?"

"ಒಂದ್ ಕೊಡ ತುಂಬೀನಲ್ಲೋ. ನೀರು ಊರಲಿ, ತಡಿ."

ಒರತೆಯಲ್ಲಿ ಒಂದು ಕೊಡ ಮೊಗೆದರೆ ನೀರು ಮತ್ತೆ ಊರುವ ತನಕ ಕಾಯಬೇಕು. ನಾನು ನಕ್ಕು ನಳ ತಿರುವಿದೆ. ಓದಿದವನ ಗತ್ತಿನಲ್ಲಿ ತಿಳಿಸಿಯೂ ಹೇಳಿದೆ: ಅನಂತಗಿರಿ ಗುಡ್ಡದ ಈಚೆ ಬಿದ್ದ ಮಳೆ ಮೂಸಿ ನದಿಯಾಗಿ ಗಂಡಿಪೇಟೆ ಕೆರೆ ತುಂಬುತ್ತದೆ, ಅಲ್ಲಿಂದ ಈ ನಳಕ್ಕೆ, ಆಚೆ ಊರ ಕಡೆ ಬಿದ್ದದ್ದು ನಮ್ಮ ಕಾಗಿಣಾಕ್ಕೆ.

ಅವ್ವನ ಮುಖ ಗಂಟಾಯಿತು. "ಅಂದ್ರ ಗುಡ್ಡ ಒಂದೇ. ಇವ್ರಿಗಿ ನಳದಾಗ, ನನಗ ಮರಳಾಗ!"

ಆಗಲೇ ಮನೆಯ ಯಜಮಾನತಿ ಬಂದು, ಅವ್ವನ ಕಣ್ಣೆದುರೇ ಎರಡು ಬಕೀಟು ನೀರು ಹಿಡಿದು ಹೊಸ್ತಿಲಿಗೆ ಸುರಿದಳು. ನಾಲ್ಕು ವರ್ಷ ಆ ನಳದಡಿ ಮಿಂದವನು ನಾನು. ಅದನ್ನು ಕಂಡು ಹೊಟ್ಟೆ ಉರಿದದ್ದು ಅವತ್ತೇ ಮೊದಲು. ಆ ಉರಿ ಇನ್ನೂ ಆರಿಲ್ಲ.

ಸನದನ್ನು ಅವ್ವನ ಕೈಗಿತ್ತೆ. ಸೆರಗಿಗೆ ಕೈ ಒರೆಸಿಕೊಂಡು ತಗೊಂಡಳು, ಹಿಂದೆ ಮುಂದೆ ತಿರುವಿ ನೋಡಿದಳು.

"ಇಷ್ಟು ಓದೀದಿ. ಆ ಗುಡ್ಡ ಜರಾ ನಮ್ಮ ಕಡಿ ವಾಲಿಸಾಕ ಬರ್ತದೇನೋ ನಿನಗ?"